ಟ್ರೈನಲ್ಲಿ ಕೇಳಿದ 11 ಆಡಿಯೋ ಡಾಕ್ಯುಮೆಂಟರಿ: ತುಮಕೂರಿನ ಕಾಲೇಜ್ ಮಕ್ಕಳ ಕೆಲಸ ಹೇಗಿದೆ

ನಾನು ದಿನಾ ತುಮಕೂರಿಂದ ಯಶವಂತಪುರಕ್ಕೆ ಟ್ರೈನಲ್ಲಿ ಓಡಾಡೋಳು. ಸೀಟ್ ಸಿಕ್ರೆ ನಿದ್ದೆ, ಸಿಗ್ಲಿಲ್ಲ ಅಂದ್ರೆ ಬಾಗಿಲ ಹತ್ರ ಒರಗಿ ನಿಂತ್ಕೊಂಡು ಕಿವಿಗೆ ಇಯರ್‌ಫೋನ್. ಹೋದ ತಿಂಗಳು ನಮ್ಮಕ್ಕನ ಮಗಳು ಒಂದು ಲಿಂಕ್ ಕಳ್ಸಿದ್ಲು, "ಚಿಕ್ಕಮ್ಮ, ನಮ್ ಕ್ಲಾಸವ್ರು ಸೇರಿ ಮಾಡಿದೀವಿ, ಕೇಳ್ಬಿಟ್ಟು ಹೇಗಿದೆ ಹೇಳು, ಚೆನ್ನಾಗಿದೆ ಅಂತ ಸುಮ್ನೆ ಹೇಳ್ಬೇಡ" ಅಂತ. ಇಲ್ಲೇ ತುಮಕೂರಲ್ಲಿ ಜರ್ನಲಿಸಂ ತಗೊಂಡು ಡಿಗ್ರಿ ಮಾಡ್ತಿದಾಳೆ, ಕೊನೇ ವರ್ಷ. ಒಟ್ಟು 11 ಆಡಿಯೋ ಡಾಕ್ಯುಮೆಂಟರಿ, ಒಂದೊಂದು 5ರಿಂದ 8 ನಿಮಿಷ, ಎಲ್ಲಾ ಸೇರಿ 1 ಗಂಟೆ 10 ನಿಮಿಷದ ಆಸುಪಾಸು, ಅಂದ್ರೆ ಸರಿಯಾಗಿ ನನ್ನ ಒಂದು ಪ್ರಯಾಣ. ಮೊದಲನೇ ದಿನ ಒಂದೇ ಸಲ ಕೇಳಿದೆ. ಆಮೇಲೆ ಮೂರು ವಾರದಲ್ಲಿ ಕೆಲವನ್ನ ನಾಲ್ಕು ನಾಲ್ಕು ಸಲ ಕೇಳಿದೀನಿ, ಒಂದನ್ನಂತೂ ಎಷ್ಟು ಸಲ ಅಂತ ಲೆಕ್ಕ ಇಲ್ಲ, ಅದು ಯಾಕೆ ಅಂತ ಕೊನೇಲಿ ಹೇಳ್ತೀನಿ.

ಕಾಲೇಜ್ ಹೆಸರು ಹಾಕ್ತಿಲ್ಲ. ಕೆಳಗೆ ಸ್ವಲ್ಪ ದೂರೂ ಇದೆ, ಅದರಿಂದ ಮಕ್ಕಳಿಗೆ ತೊಂದ್ರೆ ಆಗೋದು ಬೇಡ. ಇನ್ನೊಂದು ಮೊದ್ಲೇ ಹೇಳ್ಬಿಡ್ತೀನಿ, 11ರಲ್ಲಿ ಒಂದು ನಮ್ಮ ಹುಡುಗೀದೇ, ಅದೂ ಅವಳ ಅಮ್ಮನ ಮೇಲೆ, ಅಂದ್ರೆ ನನ್ನ ಸ್ವಂತ ಅಕ್ಕನ ಮೇಲೆ ಮಾಡಿರೋದು. ಹಾಗಾಗಿ ಅದರ ಬಗ್ಗೆ ನಾನು ಹೇಳೋದನ್ನ ಆ ಲೆಕ್ಕದಲ್ಲೇ ಓದ್ಕೊಳಿ.

ಲೆಕ್ಚರರ್ ಕೊಟ್ಟಿದ್ದ ನಿಯಮ ನಂಗೆ ತುಂಬಾ ಇಷ್ಟ ಆಯ್ತು. ಹೆಸರುವಾಸಿ ಜನರ ಹತ್ರ ಹೋಗಂಗಿಲ್ಲ, ನಿಮ್ಮ ಮನೆ ಅಥ್ವಾ ಹಾಸ್ಟೆಲಿಂದ ನಡ್ಕೊಂಡೋ ಒಂದು ಬಸ್ಸಲ್ಲೋ ಹೋಗಿ ಬರೋವಷ್ಟು ದೂರದಲ್ಲಿ ಇರೋರನ್ನೇ ಹಿಡೀಬೇಕು, ಅವರು ದಿನಾ ಮಾಡೋ ಕೆಲಸನ ಬರೀ ಶಬ್ದದಲ್ಲಿ ತೋರಿಸ್ಬೇಕು, ಫೋಟೋ ಇಲ್ಲ ವಿಡಿಯೋ ಇಲ್ಲ. ರೆಕಾರ್ಡಿಂಗ್ ಎಲ್ಲಾ ಅವರವರ ಮೊಬೈಲಲ್ಲೇ. ಎಡಿಟಿಂಗ್ ಆಡಾಸಿಟಿಯಲ್ಲಿ, 2000ದಿಂದ ಫ್ರೀಯಾಗಿ ಸಿಗೋ ಸಾಫ್ಟ್‌ವೇರ್, ಹಳೇ ಕಂಪ್ಯೂಟರಲ್ಲೂ ಓಡುತ್ತೆ. ಅಂದ್ರೆ ಒಂದು ರೂಪಾಯಿ ಖರ್ಚಿಲ್ದೆ ಮಾಡಿರೋ ಕೆಲಸ ಇದು.

ಶುರುಮಾಡೋದಾದ್ರೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯಿಂದ ಶುರುಮಾಡಿ. ನಮ್ಮ ಕಡೆಯವ್ರಿಗೆ ಹೇಳ್ಬೇಕಾಗಿಲ್ಲ, ಸಿದ್ಧಗಂಗೆಗೆ ಬಂದೋರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನದೆ ಹೋಗಲ್ಲ, ಮೇಲೊಂದು ಬೆಣ್ಣೆ ಮುದ್ದೆ, ಪಕ್ಕದಲ್ಲಿ ಚಟ್ನಿ. ಆದ್ರೆ ಈ ಹುಡುಗಿ ಇಡ್ಲಿ ರುಚಿ ಬಗ್ಗೆ ಒಂದೇ ಒಂದು ಮಾತಾಡಲ್ಲ. ಬೆಳಗಿನ ಜಾವ 4 ಗಂಟೆಗೆ ಹೋಟೆಲ್ ಹಿಂದಿನ ಅಡುಗೆಮನೇಲಿ ನಿಂತ್ಕೊಂಡಿದಾಳೆ. ಮೊದಲ 40 ಸೆಕೆಂಡ್ ಬರೀ ಶಬ್ದ, ಸೌದೆ ಒಲೆ ಚಟಪಟ, ನೀರು ಮರಳೋದು, ಒಂದು ಹೆಂಗಸು ಸೌಟನ್ನ ಪಾತ್ರೆ ಅಂಚಿಗೆ ಎರಡು ಸಲ ಟಕ್ ಟಕ್ ಅಂತ ಬಡಿಯೋದು. ಆಮೇಲೆ ಅವರ ದನಿ, "ತಟ್ಟೆ ಮೇಲೆ ಒದ್ದೆ ಬಟ್ಟೆ ಹಾಸ್ಬೇಕು, ಒಣಗಿದ್ದು ಹಾಕುದ್ರೆ ಹಿಡ್ಕಂತದೆ." ಅಷ್ಟೇ. ಮತ್ತೆ ಸುಮ್ನೆ ಕೆಲಸ. ಆವಿಯ ಮುಚ್ಚಳ ತೆಗೆದಾಗ ಉಸ್ಸಂತ ಬರೋ ಶಬ್ದ ಕೇಳಿ ನಾನು ನಿಜವಾಗ್ಲೂ ಮುಖ ಹಿಂದಕ್ಕೆ ತಗೊಂಡೆ, ಟ್ರೈನಲ್ಲಿ ಎದುರಿಗಿದ್ದೋರು ನೋಡಿದ್ರು. ಆಮೇಲೆ ಇಡ್ಲೀನ ಬೋರಲು ಹಾಕಿ ಬಟ್ಟೆ ಬಿಡಿಸ್ತಾರಲ್ಲ, ಆ ಪರ್ ಅನ್ನೋ ಸದ್ದು, ಅದನ್ನ ಹತ್ತಿರದಿಂದ ಹಿಡಿದಿದಾಳೆ, ಒಂದು, ಎರಡು, ಮೂರು, ಹೀಗೆ ಸುಮಾರು ಹತ್ತು ಸಲ ಅದೇ ಸದ್ದು, ಅದರ ಮೇಲೆ ಆಯಮ್ಮ ತಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಬಟ್ಟೆ ಬಿಡಿಸೋಕೆ ಬರ್ದೆ ಇಡ್ಲಿ ಹರಿದು ಅತ್ತೆ ಹತ್ರ ಬೈಸ್ಕೊಂಡಿದ್ದನ್ನ ಹೇಳ್ತಾರೆ. ಕೈ ನಿಲ್ಲಲ್ಲ, ಮಾತೂ ನಿಲ್ಲಲ್ಲ. ಆ 6 ನಿಮಿಷದಲ್ಲಿ ಹುಡುಗಿ ದನಿ ಒಂದೇ ಕಡೆ ಬರೋದು, "ದಿನಕ್ಕೆ ಎಷ್ಟು ಬಟ್ಟೆ ಒಗೀತೀರ ಅಕ್ಕಾ?" ಅಂತ ಒಂದು ಪ್ರಶ್ನೆ. ಎಂಥಾ ಪ್ರಶ್ನೆ ನೋಡಿ! ನಾವೆಲ್ಲ ಎಷ್ಟು ಇಡ್ಲಿ ಅಂತ ಕೇಳ್ತಿದ್ವಿ. ಇಡ್ಲಿ ಗಿರಾಕಿ ತಿಂದು ಮುಗಿಸ್ತಾನೆ, ಆ ಬಟ್ಟೆಗಳನ್ನ ಒಗೆದು ಕುದಿಸಿ ಒಣಗಿಸೋ ಕೆಲಸ ಅದಾದ್ಮೇಲೆ ಶುರು ಆಗೋದು, ಅದು ಯಾರಿಗೂ ಕಾಣಲ್ಲ.

ಇದಕ್ಕೆ ಕಣ್ಮುಚ್ಚಿ 5ಕ್ಕೆ 5.

ಈಗ ಬೇಜಾರಾಗಿದ್ದನ್ನ ಹೇಳ್ತೀನಿ. 11ರಲ್ಲಿ ಆರೋ ಏಳೋ ಎಪಿಸೋಡ್‌ಗೆ ಒಂದೇ ಕಾಯಿಲೆ, ವಾಯ್ಸ್‌ಓವರ್, ಅಂದ್ರೆ ಮಕ್ಕಳು ಆಮೇಲೆ ತಾವೇ ಓದಿ ಶಬ್ದದ ಮೇಲೆ ಹಾಕೋ ಮಾತು. ಈ ಮಕ್ಕಳು ಮನೇಲಿ ಎಷ್ಟು ಚಂದ ಮಾತಾಡ್ತಾರೆ, ನಮ್ಮ ತುಮಕೂರು ಸೀಮೆ ಕನ್ನಡ, ಐತೆ, ಬತ್ತೀನಿ, ಹಂಗಂತೆ ಹಿಂಗಂತೆ ಅಂತ. ಮೈಕ್ ಮುಂದೆ ಕೂತ ತಕ್ಷಣ ಏನಾಗುತ್ತೋ, ಟಿವಿ ಆಂಕರ್ ಮೈಮೇಲೆ ಬಂದಂಗೆ "ಬದುಕಿನ ಬಂಡಿಯನ್ನು ಎಳೆಯುತ್ತಿರುವ ಈ ಶ್ರಮಜೀವಿಯ ಕಥೆ ಕೇಳಿದರೆ ನಿಮ್ಮ ಕಣ್ಣಾಲಿಗಳು ತುಂಬಿ ಬರುತ್ತವೆ" ಅಂತ ಶುರು ಹಚ್ಕೊಂಡ್ಬಿಡ್ತಾರೆ. ಪೌರಕಾರ್ಮಿಕರೊಬ್ಬರ ಮೇಲೆ ಮಾಡಿರೋದಂತೂ ನಂಗೆ ಸಂಕಟ ಆಗೋಯ್ತು. ಆಯಮ್ಮ ಎಷ್ಟು ಗಟ್ಟಿ ಹೆಂಗಸು ಗೊತ್ತಾ, ಬೆಳಿಗ್ಗೆ ಗಾಡಿಯವ್ನ ಜೊತೆ ತಮಾಷೆ ಮಾಡ್ಕೊಂಡು, ಹಸಿ ಕಸ ಒಣ ಕಸ ಬೇರೆ ಮಾಡ್ದೆ ಕೊಡೋ ಮನೆಯವ್ರನ್ನ ಹೆಸರು ಹಿಡಿದು ಕರೆದು ತಿದ್ಕೊಂಡು, ನಗ್ತಾ ಮಾತಾಡ್ತಿದಾರೆ. ಆ ನಗು ಕೇಳ್ತಿರೋವಾಗ್ಲೇ ಹಿಂದ್ಗಡೆ ಅಳೋ ಕೊಳಲು ಮ್ಯೂಸಿಕ್. ಅವರು ನಗ್ತಿದಾರೆ, ಕೊಳಲು ಅಳ್ತಿದೆ. ಅವರ ಕಥೆ ಯಾವುದು ಅಂತ ಅವರೇ ಹೇಳ್ತಿರೋವಾಗ ನೀವು ಬೇರೆ ಕಥೆ ಯಾಕಪ್ಪಾ ಹೇಳ್ತೀರ? ಬಡವರು ಅಂದ ತಕ್ಷಣ ಕೊಳಲು ಹಾಕ್ಬೇಕು ಅನ್ನೋದನ್ನ ನಮ್ಮ ಟಿವಿಯವ್ರು ಕಲಿಸ್ಬಿಟ್ಟಿದಾರೆ, ಮಕ್ಕಳ ತಪ್ಪಲ್ಲ, ಆದ್ರೂ ಯಾರಾದ್ರೂ ಹೇಳ್ಬೇಕಲ್ಲ. ಆ ಮ್ಯೂಸಿಕ್ ತೆಗೆದ್ರೆ ಇದು ಇಡೀ ಸೆಟ್‌ನಲ್ಲೇ ಒಳ್ಳೇ ಮೂರರಲ್ಲಿ ಒಂದಾಗುತ್ತೆ, ಅಷ್ಟು ಚೆನ್ನಾಗಿ ಆಯಮ್ಮನ ಹತ್ರ ಮಾತಾಡಿಸಿದಾನೆ ಆ ಹುಡುಗ.

ರೈಲ್ವೆ ಗೇಟ್‌ಮನ್ ಒಬ್ರ ಮೇಲೆ ಅವರ ಮಗನೇ ಮಾಡಿರೋ ಎಪಿಸೋಡ್ ಇದೆ. ನಾನು ಅದೇ ಲೈನಲ್ಲಿ ದಿನಾ ಓಡಾಡೋದು, ಆದ್ರೆ ಗೇಟ್ ಹಾಕೋದು ಅಂದ್ರೆ ಇಷ್ಟೆಲ್ಲ ಇದೆ ಅಂತ ಗೊತ್ತೇ ಇರ್ಲಿಲ್ಲ. ಟ್ರೈನ್ ಬರೋ ಮುಂಚೆ ಸ್ಟೇಷನ್ ಮಾಸ್ಟರ್ ಫೋನ್ ಮಾಡ್ತಾರೆ, ಇವರು ಗೇಟ್ ಹಾಕಿ ಬೀಗ ಹಾಕಿ ಒಂದು ಪ್ರೈವೇಟ್ ನಂಬರ್ ಕೊಡ್ಬೇಕು, ಎರಡಂಕಿ ನಂಬರು, ಒಂದು ಹಾಳೇಲಿ ಅಡ್ಡಾದಿಡ್ಡಿ ಬರೆದಿರುತ್ತೆ, ಒಂದ್ಸಲ ಕೊಟ್ಟ ನಂಬರನ್ನ ಹೊಡೆದು ಹಾಕ್ಬೇಕು. ನಿದ್ದೆಗಣ್ಣಲ್ಲಿ ಹೂಂ ಹೂಂ ಹಾಕಿದೀನಿ ಅಂತ ಬಾಯ್ಮಾತಲ್ಲಿ ಹೇಳಿದ್ರೆ ನಡೆಯಲ್ಲ, ಹಾಳೆ ನೋಡಿ ನಂಬರ್ ಓದ್ಬೇಕು, ಅದಕ್ಕೇ ಈ ಏರ್ಪಾಡು. ಡ್ಯೂಟಿ ಜಾಗಕ್ಕೆ ರೆಕಾರ್ಡಿಂಗ್ ತಗೊಂಡ್ಹೋಗೋಕೆ ಆಗಲ್ಲ, ಹಾಗಾಗಿ ಅಪ್ಪನ್ನ ಮನೇಲೇ, ರಾತ್ರಿ ಡ್ಯೂಟಿ ಮುಗ್ಸಿ ಬಂದು ಕಾಫಿ ಕುಡಿಯೋವಾಗ ಮಾತಾಡಿಸಿದಾನೆ. ಒಂದು ಕಡೆ ಹುಡುಗ ಹೇಳ್ತಾನೆ, ರಜದ ದಿನ ಮನೇಲಿ ಯಾರ ಮೊಬೈಲ್ ರಿಂಗ್ ಆದ್ರೂ ಅಪ್ಪ ಎದ್ದು ನಿಂತ್ಬಿಡ್ತಾರೆ ಅಂತ. ಅಪ್ಪ ಹಿಂದ್ಗಡೆಯಿಂದ "ಅಭ್ಯಾಸ ಕಣೋ" ಅಂತಾರೆ. ಎಷ್ಟು ಒಳ್ಳೇ ಜಾಗ ಅದು. ಆದ್ರೆ ಅದಾದ ತಕ್ಷಣ ಇಂಟರ್‌ನೆಟ್ಟಿಂದ ಇಳಿಸಿರೋ ಹಳೇ ಉಗಿಬಂಡಿ ಶಬ್ದ, ಕೂ ಚುಕುಬುಕು ಅಂತ. ಮೆಮು, ಅಂದ್ರೆ ಕರೆಂಟ್ ಟ್ರೈನ್ ಓಡೋ ಲೈನಲ್ಲಿ ಉಗಿಬಂಡಿ ಎಲ್ಲಿಂದ ಬರುತ್ತೆ? ಅವರ ಮನೆ ಮಹಡಿ ಮೇಲೆ ಹೋಗಿ ಫೋನ್ ಹಿಡಿದಿದ್ರೆ ಅರ್ಧ ಗಂಟೇಲಿ ನಿಜವಾದ ಟ್ರೈನೇ ಸಿಗ್ತಿತ್ತು. ಕಣ್ಣಿಗೆ ಏನೂ ತೋರಿಸ್ದೆ ಇರೋವಾಗ ಕಿವಿಗೆ ಒಂದು ಸುಳ್ಳು ಹೇಳಿದ್ರೂ ಇಡೀದು ಸುಳ್ಳು ಅನ್ಸೋಕೆ ಶುರುವಾಗುತ್ತೆ, ಅಷ್ಟೊತ್ತು ನಂಬಿದ್ದೆಲ್ಲ ಅಲುಗಾಡುತ್ತೆ.

ಇನ್ನು ನಮ್ಮ ಹುಡುಗೀದು. ಅಕ್ಕ ಮನೇಲೇ ಸೀರೆಗೆ ಕುಚ್ಚು ಹಾಕ್ತಾಳೆ, ಹದಿನೈದು ವರ್ಷದ ಮೇಲಾಯ್ತು. ಮದುವೆ ಸೀಸನ್ ಬಂದ್ರೆ ಮನೆ ತುಂಬಾ ಸೀರೆ. ಕುಚ್ಚು ಕಟ್ಟೋ ಕೆಲಸಕ್ಕೆ ಶಬ್ದ ಅನ್ನೋದೇ ಇಲ್ಲ, ಇದನ್ನ ಆಡಿಯೋದಲ್ಲಿ ಹೇಗ್ ಮಾಡ್ತಾಳಪ್ಪಾ ಅಂತ ನಂಗೆ ಅನುಮಾನ ಇತ್ತು. ಅವಳು ಏನ್ಮಾಡಿದಾಳೆ ಅಂದ್ರೆ ಆ ಮನೆ ಸಂಜೆನ ಹಂಗಂಗೇ ಬಿಟ್ಟಿದಾಳೆ, ಪಕ್ಕದ ರೂಮಿನ ಸೀರಿಯಲ್, ಕುಕ್ಕರ್ ವಿಷಲ್, ಬೀದೀಲಿ ಸೊಪ್ಪಿನ ಗಾಡಿ, ಇದರ ಮಧ್ಯ ಐದಾರು ಸೆಕೆಂಡಿಗೊಂದ್ಸಲ ಕತ್ತರಿಯ ಚಿಕ್ಕ ಕಟ್, ಡಬ್ಬೀಲಿ ಮಣಿ ಕೆದಕೋದು. ಆ ಕತ್ತರಿ ಸದ್ದೇ ಅಕ್ಕ ಎಷ್ಟು ಕುಚ್ಚು ಕಟ್ಟಿದ್ಲು ಅಂತ ಲೆಕ್ಕ ಇಟ್ಟಂಗೆ.

ಮಧ್ಯದಲ್ಲಿ ಅಕ್ಕ ಹೇಳ್ತಾಳೆ, "ಕಪ್ಪು ಸೀರೆ, ನೇರಳೆ ಸೀರೆ ಈಗ ಸಂಜೆ ಮೇಲೆ ಮುಟ್ಟಲ್ಲ, ಎಳೆ ಕಾಣಲ್ಲ. ವಾಪಸ್ ಕಳ್ಸಿದ್ರೆ ಗಿರಾಕಿ ಬೇರೆ ಕಡೆ ಹೋಗ್ತಾರೆ ಅಂತ ಇಸ್ಕೊಂಡು ಇಟ್ಕೊಳದು, ಬೆಳಕು ಹರೀತಿದ್ದಂಗೆ ಟೆರೇಸ್ ಮೇಲೆ ಕೂತು ಹಾಕದು, ಇನ್ಯಾರಿಗೂ ಹೇಳ್ಬೇಡ." ಅದಾದ್ಮೇಲೆ ನಾಲ್ಕೈದು ಸೆಕೆಂಡ್ ಯಾರೂ ಮಾತಾಡಲ್ಲ. ಕತ್ತರಿನೂ ಇಲ್ಲ. ಆಮೇಲೆ ಕುಕ್ಕರ್ ಕೂಗುತ್ತೆ, ಅಕ್ಕ "ಆಫ್ ಮಾಡೋಗು" ಅಂತಾಳೆ.

ಹೋದ ವರ್ಷ ನನ್ನ ನೇರಳೆ ರೇಷ್ಮೆ ಸೀರೆಗೆ ಅವಳೇ ಕುಚ್ಚು ಹಾಕಿಕೊಟ್ಟಿದ್ಲು. ಎರಡು ದಿನ ತಡ ಮಾಡಿದ್ಲು ಅಂತ ಫೋನಲ್ಲಿ ಸಿಡುಕಿದ್ದೂ ನೆನಪಿದೆ. ಟ್ರೈನು ದಾಬಸ್‌ಪೇಟೆ ದಾಟ್ತಿತ್ತು, ಅಲ್ಲಿಂದ ಚಿಕ್ಕಬಾಣಾವರದ ತನಕ ಮುಂದಿನ ಎಪಿಸೋಡ್ ಹಾಕೋಕೆ ಆಗ್ಲಿಲ್ಲ ನಂಗೆ. ಆ ಶನಿವಾರನೇ ಅಕ್ಕನ್ನ ಕರ್ಕೊಂಡು ಕಣ್ಣಿನ ಡಾಕ್ಟರ್ ಹತ್ರ ಹೋದೆ, ಹೊಸ ಕನ್ನಡಕ ಬಂದಿದೆ ಈಗ. ಇನ್ಯಾರಿಗೂ ಹೇಳ್ಬೇಡ ಅಂದಿದ್ದನ್ನ ಎಪಿಸೋಡಲ್ಲಿ ಹಾಕಿದೀಯಲ್ಲೇ ಅಂತ ಹುಡುಗೀನ ಕೇಳ್ದೆ. ಮುಗಿಸಿದ ಮೇಲೆ ಅಮ್ಮಂಗೆ ಪೂರ್ತಿ ಕೇಳ್ಸಿದಾಳಂತೆ, ತೆಗೀಲಾ ಅಂತ ಕೇಳಿದಾಳೆ, ಅಕ್ಕ ಸ್ವಲ್ಪ ಹೊತ್ತು ಸುಮ್ನಿದ್ದು "ಇರ್ಲಿ ಬಿಡು" ಅಂದ್ಲಂತೆ. ಆ ನಾಲ್ಕೈದು ಸೆಕೆಂಡ್ ಮೌನನ ಕತ್ತರಿಸು, ಖಾಲಿ ಖಾಲಿ ಅನ್ಸುತ್ತೆ ಅಂತ ಕ್ಲಾಸಲ್ಲಿ ಹೇಳಿದ್ರಂತೆ. ಅವಳು ಬಿಟ್ಕೊಟ್ಟಿಲ್ಲ. ಒಳ್ಳೇದಾಯ್ತು.

ಕೇಳ್ಸಿ ಒಪ್ಪಿಗೆ ತಗೊಳೋದು ಎಲ್ಲರೂ ಮಾಡಿಲ್ಲ, ಅದು ನಂಗೆ ನಿಜವಾಗ್ಲೂ ಚಿಂತೆ ಆಗಿರೋ ವಿಷ್ಯ. ಒಂದು ಪಿಜಿಲಿ ಅಡುಗೆ ಮಾಡೋ ಹೆಂಗಸಿನ ಮೇಲೆ ಒಂದಿದೆ, ಅವರು ಸಂಬಳದ ಬಗ್ಗೆ, ಓನರ್ ಬಗ್ಗೆ ಮನಸು ಬಿಚ್ಚಿ ಮಾತಾಡಿದಾರೆ. ಹೆಸರು ಹೇಳಿಲ್ಲ ನಿಜ, ಆದ್ರೆ ದನಿ ಇದೆಯಲ್ಲ, ಪಿಜಿ ಯಾವ ರಸ್ತೇಲಿದೆ ಅಂತನೂ ಹೇಳ್ಬಿಟ್ಟಿದಾರೆ. ದನಿ ಅಂದ್ರೆ ಮುಖ ಇದ್ದಂಗೇ. ದಿನಾ ಊಟ ಹಾಕಿಸ್ಕೊಳೋ ಯಾವ ಹುಡುಗಿ ಕೇಳಿದ್ರೂ ಇದು ನಮ್ಮ ಅಕ್ಕಾನೇ ಅಂತ ಒಂದು ನಿಮಿಷದಲ್ಲಿ ಗುರುತು ಹಿಡೀತಾಳೆ. ಆ ಕೆಲಸ ಹೋದ್ರೆ ಯಾರು ಹೊಣೆ? ಇದನ್ನ ನಮ್ಮ ಹುಡುಗಿಗೆ ಹೇಳ್ದೆ, ಅವಳು ಆ ಗುಂಪಿನವರಿಗೆ ಹೇಳಿದಾಳೆ, ರಸ್ತೆ ಹೆಸರು ತೆಗೆದಿದಾರಂತೆ. ಸಂಬಳದ ಮಾತನ್ನೂ ಆಯಮ್ಮಂಗೆ ಕೇಳ್ಸಿ ಆಮೇಲೆ ಇಡೋದೋ ಬಿಡೋದೋ ನೋಡಿ ಅಂತ ಹೇಳಿ ಕಳ್ಸಿದೀನಿ.

ಉಳಿದವುಗಳಲ್ಲಿ ಪಂಚರ್ ಅಂಗಡೀದು ಪರವಾಗಿಲ್ಲ, ಟಬ್ಬಲ್ಲಿ ಟ್ಯೂಬ್ ಮುಳುಗಿಸಿದಾಗ ಬರೋ ಗುಳ್ಳೆ ಶಬ್ದ ಚೆನ್ನಾಗಿ ಹಿಡಿದಿದಾರೆ. ಜೆರಾಕ್ಸ್ ಅಂಗಡೀದು, ಕಟಿಂಗ್ ಶಾಪ್‌ದು ಬರೀ ಸಂದರ್ಶನ, ಪ್ರಶ್ನೆ ಉತ್ತರ ಪ್ರಶ್ನೆ ಉತ್ತರ, "ನಿಮಗೆ ಈ ಕೆಲಸದಲ್ಲಿ ತೃಪ್ತಿ ಇದೆಯೇ" ಅಂತ ಕೇಳಿದ್ರೆ ಯಾರು ಏನ್ ಹೇಳೋಕಾಗುತ್ತೆ ಪಾಪ. ಬಸ್‌ಸ್ಟ್ಯಾಂಡ್ ಹೂವಿನವ್ರದ್ದು ಗಲಾಟೆಯಲ್ಲಿ ಮಾತೇ ಕೇಳಲ್ಲ. ಇನ್ನೊಂದು ನೆನಪೇ ಉಳಿದಿಲ್ಲ.

ಶಬ್ದದ ಕ್ವಾಲಿಟಿ ಬಗ್ಗೆ. ನಮ್ಮ ಸೋದರಮಾವನ ಮಗ ಮುಂಚೆ ರೇಡಿಯೋದಲ್ಲಿ ಕೆಲಸ ಮಾಡ್ತಿದ್ದ, ಅವನ ಹತ್ರ ಕೇಳ್ಕೊಂಡು ಬರೀತಿದೀನಿ. ಫೋನನ್ನ ಬಾಯಿಗೆ ನೇರ ಹಿಡಿದ್ರೆ ಪ, ಬ, ಫ ಬಂದಾಗೆಲ್ಲ ಧಪ್ ಅಂತ ಗಾಳಿ ಹೊಡೆಯುತ್ತೆ, ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಹಿಡೀಬೇಕು. ಹೂವಿನವ್ರ ಎಪಿಸೋಡಲ್ಲಿ ಫೋನ್ ಎಲ್ಲೋ ಮೂರಡಿ ದೂರ ಇದೆ, ಅದಕ್ಕೇ ಕಂಡಕ್ಟರ್ ಕೂಗೇ ಜೋರಾಗಿ ಕೇಳೋದು. ಗಲಾಟೆ ಜಾಗದಲ್ಲಿ ಮಾತಾಡೋರ ಹತ್ರ ಹೋಗ್ಬೇಕು, ಆಮೇಲೆ ಗಲಾಟೆನ ಬೇರೆಯಾಗಿ ರೆಕಾರ್ಡ್ ಮಾಡ್ಕೊಂಡು ಕೆಳಗೆ ಹಾಕ್ಬೇಕು. ಯಾವ ಜಾಗಕ್ಕೆ ಹೋದ್ರೂ ಯಾರೂ ಮಾತಾಡ್ದೆ ಅರ್ಧ ನಿಮಿಷ ಆ ಜಾಗದ ಸುಮ್ನಿರೋ ಶಬ್ದನೂ ಹಿಡ್ಕೊಂಡು ಬರ್ಬೇಕಂತೆ, ಕತ್ತರಿಸಿ ಅಂಟಿಸಿದ ಕಡೆ ಅದನ್ನ ಹಾಕಿದ್ರೆ ತೇಪೆ ಕಾಣಲ್ಲ. ಇಡ್ಲಿ ಎಪಿಸೋಡಿನ ಹುಡುಗಿ ಅದನ್ನ ಮಾಡಿದಾಳೆ ಅಂತ ಕೇಳಿದ್ರೇ ಗೊತ್ತಾಗುತ್ತೆ. ಇನ್ನೊಂದು, ದಯವಿಟ್ಟು ಫೈಲನ್ನ ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಥರ ಪ್ಲೇ ಮಾಡಿ ಮತ್ತೆ ರೆಕಾರ್ಡ್ ಮಾಡಿ ಕಳ್ಸ್ಬೇಡಿ, ಡಾಕ್ಯುಮೆಂಟ್ ಅಂತ ಅಟ್ಯಾಚ್ ಮಾಡಿ, ಇದ್ದ ಕ್ವಾಲಿಟೀಲೇ ಹೋಗುತ್ತೆ. ಕೇಳೋರೂ ಅಷ್ಟೇ, ಲೌಡ್‌ಸ್ಪೀಕರಲ್ಲಿ ಹಾಕಿದ್ರೆ ಕತ್ತರಿ ಸದ್ದು, ಮಣಿ ಸದ್ದು ಏನೂ ಸಿಗಲ್ಲ, ಇಯರ್‌ಫೋನ್ ಹಾಕಿ.

ದೂರಿರೋದು ಇಲ್ಲಿ. ಇಷ್ಟು ಕಷ್ಟಪಟ್ಟು ಮಾಡಿದ್ದು ಎಲ್ಲಿದೆ ಅಂದ್ರೆ ಕಾಲೇಜಿನ ಒಂದು ಡ್ರೈವ್ ಫೋಲ್ಡರಲ್ಲಿ. ನಾನು ಲಿಂಕ್ ಒತ್ತಿದ್ರೆ ಪರ್ಮಿಷನ್ ಕೇಳಿ ಅಂತ ಬಂತು, ಕೇಳಿದೆ, ಒಂಬತ್ತು ದಿನ ಯಾರೂ ನೋಡ್ಲಿಲ್ಲ, ಕೊನೆಗೆ ಹುಡುಗಿನೇ ಪೆನ್‌ಡ್ರೈವಲ್ಲಿ ತಂದುಕೊಟ್ಲು. ಇಂಟರ್ನಲ್ ಮಾರ್ಕ್ಸ್ ಹಾಕಿ ಮುಗೀತು ಅಂತ ಫೋಲ್ಡರ್ ಮುಚ್ಚಿಟ್ಟಂಗಿದೆ. ಇಡ್ಲಿ ಅಮ್ಮಂಗೂ ತನ್ನ ಎಪಿಸೋಡ್ ಕೇಳೋಕೆ ಸಿಕ್ಕಿರ್ಲಿಲ್ಲ, ಆ ಹುಡುಗಿ ಆಮೇಲೆ ಫೋನ್ ತಗೊಂಡ್ಹೋಗಿ ಕೇಳ್ಸಿ ಬಂದಿದಾಳೆ.

ಇಂಥದ್ದಕ್ಕೆ ಜಾಗ ಇಲ್ಲ ಅಂತಲ್ಲ. 1995ರಲ್ಲೇ ಸುಪ್ರೀಂ ಕೋರ್ಟ್ ರೇಡಿಯೋ ತರಂಗಗಳು ಸಾರ್ವಜನಿಕರ ಆಸ್ತಿ ಅಂತ ಹೇಳಿದೆ. 2002ರ ಹೊತ್ತಿಗೆ ಕಾಲೇಜು ಯೂನಿವರ್ಸಿಟಿಗಳು ತಮ್ಮದೇ ರೇಡಿಯೋ ನಡೆಸ್ಬಹುದು ಅಂತ ಸರ್ಕಾರ ಒಪ್ತು, 2004ರಲ್ಲಿ ಚೆನ್ನೈನ ಅಣ್ಣಾ ಯೂನಿವರ್ಸಿಟೀಲಿ ಮೊದಲ ಕ್ಯಾಂಪಸ್ ರೇಡಿಯೋ ಶುರುವಾಯ್ತು, 2006ರಲ್ಲಿ ಸಂಘ ಸಂಸ್ಥೆಗಳಿಗೂ ಬಾಗಿಲು ತೆಗೀತು. ನಮ್ಮಲ್ಲೇ ಮಂಗಳೂರಿನ ಸೇಂಟ್ ಅಲೋಶಿಯಸ್ ಯೂನಿವರ್ಸಿಟೀಲಿ ಸಾರಂಗ್ 107.8 ಇದೆ, ಮಣಿಪಾಲದಲ್ಲಿ 90.4 ಇದೆ, ಬೆಂಗಳೂರಲ್ಲಿ 2007ರಿಂದ ರೇಡಿಯೋ ಆಕ್ಟಿವ್ ಇದೆ. ಕೋಲಾರದ ಕಡೆ ಬೂದಿಕೋಟೆಯಲ್ಲಂತೂ ಹಳ್ಳಿಯವ್ರಿಗೆ ಲೈಸೆನ್ಸೇ ಕೊಡದ ಕಾಲದಲ್ಲಿ ನಮ್ಮ ಧ್ವನಿ ಅಂತ ಶುರುಮಾಡಿ ಟಿವಿ ಕೇಬಲ್ ಮೇಲೆ ಮನೆಮನೆಗೆ ಕೇಳ್ಸಿದ್ರು, ಊರಿನ ಹೆಂಗಸರೇ ಕೂತು ಕಾರ್ಯಕ್ರಮ ಮಾಡಿ. ಇಂಥ ಸಮುದಾಯ ರೇಡಿಯೋಗಳು ಹತ್ತು ಹದಿನೈದು ಕಿಲೋಮೀಟರ್ ಮಾತ್ರ ಕೇಳ್ಸೋದು, ಕಾರ್ಯಕ್ರಮದಲ್ಲಿ ಅರ್ಧನಾದ್ರೂ ಅಲ್ಲೇ ಮಾಡಿರೋದು ಇರ್ಬೇಕು ಅಂತ ರೂಲ್ ಬೇರೆ ಇದೆ. ತುಮಕೂರಿಂದ ಕ್ಯಾತ್ಸಂದ್ರ ಎಷ್ಟು ದೂರ? ಆ ಹತ್ತು ಕಿಲೋಮೀಟರ್ ಒಳಗೇ ಇದೆಯಲ್ಲ ಆಯಮ್ಮನ ಅಡುಗೆಮನೆ! ಹತ್ತಿರದ ಯಾವುದಾದ್ರೂ ಸಮುದಾಯ ರೇಡಿಯೋಗೆ ಈ ಫೈಲ್‌ಗಳನ್ನ ತಗೊಂಡ್ಹೋಗಿ ಕೊಡಿ, ವಾರಕ್ಕೊಂದು ಹಾಕಿ ಅಂತ ಕೇಳಿ. ನಮ್ಮ ನಾಡಲ್ಲಿ ರೇಡಿಯೋ ಹುಟ್ಟಿದ್ದೇ ಒಬ್ಬ ಮೇಷ್ಟ್ರಿಂದ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಸೈಕಾಲಜಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವ್ರು ತಮ್ಮ ಮನೇಲೇ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಕೊಂಡು ಆಕಾಶವಾಣಿ ಅಂತ ಶುರುಮಾಡಿದ್ದು, ಆಮೇಲೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯ್ತು. ಅವರು ಮನೇಲಿ ಮಾಡಿದ್ದನ್ನ ಊರಿಗೆ ಕೇಳ್ಸಿದ್ರು, ನಾವು ಊರಲ್ಲಿ ಮಾಡಿದ್ದನ್ನ ಫೋಲ್ಡರಲ್ಲಿ ಬಚ್ಚಿಡ್ತಿದೀವಿ.

ಕತ್ತರಿಸದೇ ಇರೋ ಪೂರ್ತಿ ರೆಕಾರ್ಡಿಂಗ್‌ಗಳನ್ನೂ ಅಳಿಸ್ಬೇಡಿ ಮಕ್ಕಳೇ. ಅಮೆರಿಕದಲ್ಲಿ ಸ್ಟೋರಿಕೋರ್ ಅಂತ 2003ರಿಂದ ಮಾಮೂಲಿ ಜನ ತಮ್ಮವರ ಜೊತೆ ಕೂತು 40 ನಿಮಿಷ ಮಾತಾಡಿದ್ದನ್ನ ರೆಕಾರ್ಡ್ ಮಾಡಿ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಇಡ್ತಾರೆ. ನಮಗೆ ಅಷ್ಟು ದೊಡ್ಡ ಏರ್ಪಾಡು ಬೇಡ, ಕಾಲೇಜ್ ಲೈಬ್ರರೀಲಿ ಒಂದು ಹಾರ್ಡ್‌ಡಿಸ್ಕ್ ಸಾಕು. ಫೋನಲ್ಲಿ ಜಾಗ ಇಲ್ಲ ಅಂತ ನಾಲ್ಕು ಜನ ಆಗ್ಲೇ ಡಿಲೀಟ್ ಮಾಡಿದಾರಂತೆ. ಪೂರ್ತಿ ರೆಕಾರ್ಡಿಂಗ್ ಉಳಿದಿದ್ರೆ ಏನಾಗುತ್ತೆ ಅನ್ನೋದಕ್ಕೆ ಕೊಬ್ಬರಿ ಎಪಿಸೋಡೇ ಸಾಕ್ಷಿ, ನಾನು ಲೆಕ್ಕ ಇಲ್ದಷ್ಟು ಸಲ ಕೇಳಿದೀನಿ ಅಂದಿದ್ದು ಅದನ್ನೇ.

ತಿಪಟೂರು ಕಡೆ ಹುಡುಗ ಮಾಡಿರೋದು, ಅವನ ಊರಲ್ಲಿ ಕೊಬ್ಬರಿ ಕೆಲಸ ಮಾಡೋ ಒಬ್ಬ ತಾತನ ಮೇಲೆ. ಗೊತ್ತಿಲ್ದೆ ಇರೋರಿಗೆ ಹೇಳ್ತೀನಿ, ಉಂಡೆ ಕೊಬ್ಬರಿ ಆಗ್ಬೇಕಾದ್ರೆ ಬಲಿತ ಕಾಯನ್ನ ಮಟ್ಟೆ ಸಮೇತ ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡ್ಬೇಕು. ಒಳಗಿನ ನೀರು ತಾನಾಗೇ ಆರಿ ಕೊಬ್ಬರಿ ಕರಟದಿಂದ ಬಿಟ್ಕೊಳುತ್ತೆ. ಆಗಿದೆಯೋ ಇಲ್ವೋ ಅಂತ ಹೊರಗಿಂದ ಕಣ್ಣಿಗೆ ಕಾಣಲ್ಲ, ಅಲ್ಲಾಡ್ಸಿ ಕಿವಿ ಹತ್ರ ಇಟ್ಕೊಂಡು ಕೇಳ್ಬೇಕು. ಒಣಗಿದ್ರೆ ಒಳಗೆ ಉಂಡೆ ಗಡಗಡ ಅನ್ನುತ್ತೆ, ನೀರಿದ್ರೆ ಲೊಳಕ್ ಅನ್ನುತ್ತೆ. ನಮ್ಮ ಅಮ್ಮನ ತವರು ತಿಪಟೂರು ತಾಲೂಕೇ, ಬೇಸಿಗೆ ರಜಕ್ಕೆ ಹೋದಾಗ ಅಜ್ಜಿ ಅಟ್ಟದಿಂದ ಒಂದೊಂದೇ ಕಾಯಿ ಅಲ್ಲಾಡ್ಸಿ ಕೆಳಗೆ ಹಾಕೋರು, ಆ ಗಡಗಡ ಶಬ್ದ ನಾನು ಮೂವತ್ತು ವರ್ಷದಿಂದ ಕೇಳಿರ್ಲಿಲ್ಲ, ಹಿರೇಹಳ್ಳಿ ಸ್ಟೇಷನ್ ಹತ್ರ ಇಯರ್‌ಫೋನಲ್ಲಿ ಬಂತು ನೋಡಿ, ಅಜ್ಜಿ ಮನೆ ಅಟ್ಟದ ಧೂಳಿನ ವಾಸನೆನೂ ಬಂದಂಗಾಯ್ತು.

ಫೈಲನ್ನ ತಿಪಟೂರಲ್ಲಿರೋ ಸೋದರಮಾವಂಗೆ ಕಳ್ಸಿದೆ. ಈಗ್ಲೂ ತೋಟ ನೋಡ್ಕೊಳೋದು ಅವರೇ, ಎಪ್ಪತ್ತು ದಾಟಿದೆ. ಸಂಜೆ ಫೋನ್ ಬಂತು, ಚೆನ್ನಾಗೈತೆ ಅಂತಾರೇನೋ ಅಂದ್ಕೊಂಡ್ರೆ, "ಅದೇನವ್ವಾ, ಆ ಮೂರ್ನೇ ಕಾಯಿ ಆಗೇ ಇಲ್ವಲ್ಲ, ನೀರೈತೆ ಇನ್ನೂ ಅದ್ರಾಗೆ. ಅದನ್ನೂ ಒಡುದ್ನಾ ಆವಯ್ಯ?" ಅಂದ್ರು.

ನಂಗೆ ಅರ್ಥನೇ ಆಗ್ಲಿಲ್ಲ, ಮತ್ತೆ ಹಾಕಿ ಕೇಳಿದೆ. ತಾತ ಮೊದಲನೇ ಕಾಯಿ ಅಲ್ಲಾಡ್ಸ್ತಾರೆ, "ಇದಾಗೈತೆ." ಎರಡನೇದು, "ಇದೂ ಆಗೈತೆ." ಮೂರನೇದು ಅಲ್ಲಾಡ್ಸೋಷ್ಟರಲ್ಲಿ ಹುಡುಗನ ವಾಯ್ಸ್‌ಓವರ್ ಬಂದ್ಬಿಡುತ್ತೆ, "ಹೀಗೆ ಪ್ರತಿಯೊಂದು ಕಾಯಿಯನ್ನೂ ಪರೀಕ್ಷಿಸಿ ನಂತರ ಒಡೆಯಲಾಗುತ್ತದೆ" ಅಂತ. ಆ ಮಾತಿನ ಕೆಳಗೆ ಕಿವಿ ಒತ್ತಿ ಹಿಡಿದು ಕೇಳಿದ್ರೆ ಲೊಳಕ್ ಅನ್ನೋದು ಸಣ್ಣಗಿದೆ. ಫೋನಿನ ಚಿಕ್ಕ ಸ್ಪೀಕರಲ್ಲಿ, ಆ ಮಾತಿನ ಅಡಿಯಿಂದ, ಮಾವ ಒಂದೇ ಸಲಕ್ಕೆ ಅದನ್ನ ಹಿಡಿದ್ಬಿಟ್ಟಿದಾರೆ.

ನಮ್ಮ ಹುಡುಗಿ ಕಡೆಯಿಂದ ಆ ಹುಡುಗಂಗೆ ಹೇಳಿ ಕಳ್ಸಿದೆ, ಆ ಜಾಗದಲ್ಲಿ ನಿನ್ನ ಮಾತು ತೆಗೆದು ಏನಿದೆ ನೋಡಪ್ಪಾ ಅಂತ. ಅವನ ಹತ್ರ ಪೂರ್ತಿ ರೆಕಾರ್ಡಿಂಗ್ ಇತ್ತು, ಪುಣ್ಯ, ಅಳಿಸಿರ್ಲಿಲ್ಲ. ನಾಲ್ಕು ದಿನ ಬಿಟ್ಟು ಹೊಸ ಫೈಲ್ ಬಂತು. ಈಗ ಅಲ್ಲಿ ವಾಯ್ಸ್‌ಓವರ್ ಇಲ್ಲ. ಮೂರನೇ ಕಾಯಿ ಲೊಳಕ್ ಅನ್ನುತ್ತೆ, ತಾತ ಇನ್ನೊಂದ್ಸಲ ಅಲ್ಲಾಡ್ಸ್ತಾರೆ, ಏನೂ ಮಾತಾಡಲ್ಲ, ಅಟ್ಟದ ಹಲಗೆ ಕಿರ್ ಅನ್ನುತ್ತೆ, ಕಾಯನ್ನ ಹಿಂದಕ್ಕೆ ಇಟ್ಟಿದ್ದು ಮೆತ್ತಗೆ ದಡ್ ಅಂತ ಕೇಳುತ್ತೆ, ಆಮೇಲೆ ನಾಲ್ಕನೇ ಕಾಯಿಗೆ ಕೈ ಹಾಕ್ತಾರೆ.